ದೊಡ್ಡಪ್ಪನವರ ಮಧುರೆ ಪ್ರವಾಸದ ಪೂರ್ವಸಿದ್ಧತೆಯನ್ನು ಕುರಿತು

ಮಾನ್ಯ ಓದುಗರ ಸನ್ನಿಧಿಗೆ,

ಮೊದಲನೆಯದಾಗಿ ತಮ್ಮೆಲ್ಲರ ಕ್ಷಮೆ ಕೋರುತ್ತೇನೆ. ನನ್ನ ಕೈಬರಹ ಚೆನ್ನಾಗಿಲ್ಲ. ನನ್ನ ಒತ್ತಕ್ಷರಗಳು ಸಾಲು ಬಿಟ್ಟು ಕೆಳಗಿಳಿದು ಮುಂದಿನ ಸಾಲಿನ ತಲೆಯ ಮೇಲೆ ಕೂರುತ್ತವೆ. ಕಾಗುಣಿತದ ವಿಷಯವಾಗಿ ಶಾಲೆಯಲ್ಲಿಯೇ ಬೆಂಚಿನ ಮೇಲೆ ನಿಂತವಳು ನಾನು. ಈಗ ಚನ್ನಪಟ್ಟಣದ ಕಾಲೇಜೊಂದರ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿದ್ದು, ನನಗೆ ಬರೆಯಲು ಬರುವ ರೀತಿ ಒಂದೇ: 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಆರಂಭಿಸಿ 'ತಮ್ಮ ಅವಗಾಹನೆಗಾಗಿ' ಎಂದು ಮುಗಿಸುವುದು. ನಡುವೆ ಏನಿರಬೇಕೆಂಬುದನ್ನು ಇದುವರೆಗೆ ಮೇಲಿನವರೇ ಹೇಳಿ ಬರೆಸಿದ್ದಾರೆ. ಈ ಸಲ ನಡುವಿನದನ್ನೂ ನಾನೇ ಬರೆಯಬೇಕಾಗಿರುತ್ತದೆ. ಆದರೂ ಬರೆಯಲೇಬೇಕೆಂದು ಮನೆಯ ಹಿರಿಯರೊಬ್ಬರಿಂದ ಮೌಖಿಕ ಆದೇಶವಾಗಿದೆ. ಆ ಹಿರಿಯರು ಯಾರೆಂಬುದನ್ನು ಕೊನೆಯಲ್ಲಿ ನಿವೇದಿಸುತ್ತೇನೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ನಮ್ಮ ದೊಡ್ಡಪ್ಪ, ಅಂದರೆ ನಮ್ಮ ತಂದೆಯ ಅಣ್ಣ, ಹೊಸ ಮದುಮಗನಾಗಿ ಬಸ್ಸಿನಲ್ಲಿ ಕುಳಿತು ತನ್ನ ರೇಷ್ಮೆ ಪಂಚೆಯ ಮೇಲೆ ತಾನೇ ವಾಂತಿ ಮಾಡಿಕೊಂಡ, ನಮ್ಮ ಜಿಲ್ಲೆಯ ಏಕೈಕ ಪುರುಷ! ಬೇರೆ ಯಾರಾದರೂ ಇದ್ದರೆ ಅವರು ಅದನ್ನು ಗುಟ್ಟಾಗಿಟ್ಟಿರಬೇಕು. ನಮ್ಮ ದೊಡ್ಡಪ್ಪ ಇಡಲಿಲ್ಲ.

ಸದರಿ ಘಟನೆಯ ವಿವರ ಹೀಗಿದೆ. ಮದುವೆಯಾದ ಮಾರನೆಯ ದಿನ ಮಾಗಡಿಯ ಆಚೆ ಇರುವ ನಮ್ಮ ಮನೆದೇವರಿಗೆ ಹೊಸ ಜೋಡಿಯನ್ನು ಕರೆದುಕೊಂಡು ಬಸ್ಸು ಹೊರಟಿತ್ತು. ಬಸ್ಸಿನ ತುಂಬ ನೆಂಟರು. ಸೆರಗಿಗೂ ಶಲ್ಯಕ್ಕೂ ಗಂಟು ಹಾಕಿಕೊಂಡು ಮುಂದಿನ ಸೀಟಿನಲ್ಲಿ ಗಂಡು ಹೆಣ್ಣು. ತಿರುವುಗಳು ಶುರುವಾಗಿ ಸ್ವಲ್ಪ ಹೊತ್ತಿಗೆ ಪಂಚೆ ಹಾಳಾಯಿತು. ಆಗ ಮದುಮಗ ಎದ್ದು ನಿಂತು, ಹಿಂದಿನ ಸೀಟಿನವರಿಗೂ ಕೇಳುವಂತೆ, "ತಡ್ಕಳಕ್ಕಾಗ್ನಿಲ್ಲ ಕಣ್ರಪ್ಪಾ, ನಾನು ವಾಂತಿ ಮಾಡ್ಕಂಬುಟ್ಟೆ!" ಎಂದು ಸಾರಿದನಂತೆ. ಇಂಥ ವಿಷಯವನ್ನು ಎದ್ದು ನಿಂತು ಸಾರುವವರು ಎಲ್ಲಿಯಾದರೂ ಉಂಟೇ? ನಮ್ಮ ಅಜ್ಜಿ, ಈಗ ಇಲ್ಲ, ಬೆನ್ನಿಗೊಂದು ಗುದ್ದಿ, "ಗಂಡ್ಸಾಗಿ ಹುಟ್ಟಿ ನಾಕು ತಿರುವು ತಡ್ಕಳಕ್ಕಾಗ್ಲಿಲ್ವಲ್ಲೋ! ನನ್ನ ಸೊಸೆ ನೋಡು, ಸೆರಗಲ್ಲಿ ಬಾಯಿ ಮುಚ್ಕಂಡು ಎಷ್ಟು ಗೌರವ್ವಾಗಿ ಕುಂತವ್ಳೆ!" ಎಂದು ಹೊಸ ಸೊಸೆಗೆ ಅಲ್ಲಿಯೇ ಪ್ರಶಂಸಾಪತ್ರ ಕೊಟ್ಟರಂತೆ.

ಆಗಿನ್ನೂ ಚಡ್ಡಿ ಹಾಕುತ್ತಿದ್ದ ನಮ್ಮ ತಂದೆ ಈ ಕಥೆಯನ್ನು ಅಂದಿನಿಂದ ಇಂದಿನವರೆಗೆ ನಮ್ಮ ವಂಶದ ಯಾವ ಮದುವೆಯಲ್ಲಿಯೂ ಹೇಳದೆ ಬಿಟ್ಟಿಲ್ಲ. ಎದ್ದು ನಿಂತು, ಪಂಚೆ ಹಿಡಿದು, ಅಭಿನಯ ಸಹಿತ. ದೊಡ್ಡಪ್ಪ ಎದುರಿಗೇ ಕುಳಿತು, ಜೇಬಿನಿಂದ ನಿಂಬೆಹಣ್ಣು ತೆಗೆದು, ಮೂಗಿಗೆ ಹಿಡಿದು ಮೂಸಿ ತೋರಿಸುತ್ತಾರೆ. ಇದು ಕಥೆಯ ಕೊನೆಯ ಅಂಕ. ಹೌದು, ನಮ್ಮ ದೊಡ್ಡಪ್ಪನ ಜೇಬಿನಲ್ಲಿ ಯಾವಾಗಲೂ ಒಂದು ನಿಂಬೆಹಣ್ಣು ಇರುತ್ತದೆ. ಸ್ವಂತ ಮೊಪೆಡ್ಡಿನಲ್ಲಿ ಕೆರೆ ಏರಿಯ ತನಕ ಹೋಗುವಾಗಲೂ ಇರುತ್ತದೆ! ಮೊಪೆಡ್ಡಿನಲ್ಲಿ ಯಾರಿಗಾದರೂ ವಾಂತಿ ಬರುತ್ತದೆಯೇ ಎಂದು ನಾನು ಚಿಕ್ಕಂದಿನಲ್ಲಿ ಕೇಳಿದ್ದೆ. "ನಂದು ವಿಶೇಷ ಹೊಟ್ಟೆ ಕಣವ್ವ" ಎಂದು ಉತ್ತರ ಬಂದಿತ್ತು. ಊರಿನಲ್ಲಿ ಅವರನ್ನು 'ನಿಂಬೆಹಣ್ಣು' ಎಂದೇ ಕರೆಯುತ್ತಾರೆ. ಕರೆದರೆ ಓಗೊಡುತ್ತಾರೆ.

ಇನ್ನು ದೊಡ್ಡಮ್ಮನವರ ವಿಚಾರ. ಅವರು ಎಲ್ಲಿಗೂ ಬರುವುದಿಲ್ಲ. ಮದುವೆ, ನಾಮಕರಣ, ಗೃಹಪ್ರವೇಶ, ಯಾವುದಕ್ಕೂ ಇಲ್ಲ. ತವರುಮನೆ ನಮ್ಮ ಊರಿಗೆ ಹತ್ತಿರದ ಚನ್ನಪಟ್ಟಣದಲ್ಲಿಯೇ ಇರುವುದರಿಂದ ಅಲ್ಲಿಗೆ ಮಾತ್ರ ಮೊಪೆಡ್ಡಿನ ಹಿಂದೆ ಕುಳಿತು ಹೋಗಿಬರುತ್ತಾರೆ. ಮಿಕ್ಕಂತೆ ಯಾರು ಕರೆದರೂ, "ಹುಳ ಬುಟ್ಟು ಹೆಂಗ್ ಬರ್ಲಿ?" ಎನ್ನುತ್ತಾರೆ. ನಮ್ಮ ಮನೆಯಲ್ಲಿ ರೇಷ್ಮೆ ಬೆಳೆ. ರೇಷ್ಮೆ ಹುಳುವಿಗೆ ಹಬ್ಬವೂ ತಿಳಿಯದು, ಭಾನುವಾರವೂ ತಿಳಿಯದು. ಹೊತ್ತು ಹೊತ್ತಿಗೆ ಸೊಪ್ಪು ಹಾಕಲೇಬೇಕು. ಆದ್ದರಿಂದ ನೆಂಟರೆಲ್ಲ ದೊಡ್ಡಪ್ಪನನ್ನು ತರಾಟೆಗೆ ತೆಗೆದುಕೊಳ್ಳುವರು: "ತಾನು ವಾಂತಿ ಅಂತ ಮೊಪೆಡ್ ಬುಟ್ಟು ಬಸ್ ಹತ್ತಕ್ಕಿಲ್ಲ, ಆ ಹೆಣ್ಣನ್ನೂ ಹುಳಿನ ಮನೆಗೆ ಕಟ್ಟಾಕ್ಬುಟ್ಟವ್ನೆ!" ದೊಡ್ಡಪ್ಪ ತಲೆ ತಗ್ಗಿಸಿ, "ತಪ್ಪು ನಂದೇ ಕಣ್ರಪ್ಪ" ಎಂದು ನಿಂಬೆಹಣ್ಣು ಮೂಸುವರು. ಎದುರುತ್ತರ ಕೊಡದ ಮನುಷ್ಯನನ್ನು ಬೈಯುವುದು ಎಷ್ಟು ಸುಲಭವೆಂಬುದು ತಮಗೆ ತಿಳಿದೇ ಇದೆ.

ಹಾಗಾದರೆ ದೊಡ್ಡಮ್ಮನಿಗೆ ಆಸೆಯೇ ಇರಲಿಲ್ಲವೇ? ಇತ್ತು. ಒಂದೇ ಒಂದು. ಮಧುರೆ ನೋಡಬೇಕು.

ದೇವರ ದರ್ಶನಕ್ಕಲ್ಲ, ಕ್ಷಮಿಸಬೇಕು. ದೊಡ್ಡಮ್ಮನ ತವರಿನಲ್ಲಿ ಬೊಂಬೆ ಕೆಲಸ. ತಂದೆ ಮರ ಕಡೆಯುತ್ತಿದ್ದರು. ಮಗಳು ಮದುವೆಯ ತನಕ ಬೊಂಬೆಗಳಿಗೆ ಕಣ್ಣು ಬರೆಯುತ್ತಿದ್ದರು. ಅವರ ಮನೆಯ ಗೋಡೆಯಲ್ಲಿ ಮಧುರೆಯ ಗೋಪುರವಿದ್ದ ಒಂದು ಹಳೆಯ ಕ್ಯಾಲೆಂಡರ್ ತೂಗುಹಾಕಿದ್ದರಂತೆ. ಬುಡದಿಂದ ತುದಿಯವರೆಗೆ ಬಣ್ಣದ ಬೊಂಬೆಗಳೇ ತುಂಬಿದ ಗೋಪುರ. ಅದನ್ನು ನೋಡುತ್ತ ಬೆಳೆದ ದೊಡ್ಡಮ್ಮನನ್ನು ಒಂದು ಪ್ರಶ್ನೆ ಹಿಡಿದುಬಿಟ್ಟಿತ್ತು. ನಮಗೆ ಊಟ ಬಡಿಸುವಾಗಲೂ ಅದೇ ಪ್ರಶ್ನೆ: "ಕೆಳಗಿನ ಬೊಂಬೆಗೆ ಕಣ್ಣು ಬರೆದಿರ್ತಾರೆ, ಸರಿ. ಆ ತುತ್ತತುದೀಲಿರೋ ಬೊಂಬೆ ಮೊಕ ಯಾರ್ ನೋಡ್ತಾರೆ? ಅದ್ಕೂ ಕಣ್ಣು ಬರೆದವ್ರೋ, ಇಲ್ಲಾ ಬಣ್ಣ ಬಳಿದು ಕೆಳಗಿಳಿದ್ಬುಟ್ಟವ್ರೋ?"

ನಿಜವಾಗಿ ಹೇಳುತ್ತೇನೆ, ಈ ಪ್ರಶ್ನೆ ನನ್ನನ್ನೂ ಕಾಡತೊಡಗಿತು. ಮಧುರೆಗೆ ಹೋಗಿಬಂದ ಸಹೋದ್ಯೋಗಿಗಳನ್ನೆಲ್ಲ ವಿಚಾರಿಸಿದೆ. ಒಬ್ಬರಿಗೂ ತಿಳಿದಿರಲಿಲ್ಲ. ಮೊಬೈಲಿನಲ್ಲಿ ಚಿತ್ರ ಹಿಗ್ಗಿಸಿ ತೋರಿಸಿದರೆ ದೊಡ್ಡಮ್ಮ, "ಇದೇನಮ್ಮಾ, ಬರೀ ಚೌಕ ಚೌಕ ಕಾಣ್ತವೆ!" ಎಂದು ಕೈಚೆಲ್ಲಿದರು.

ಆದ್ದರಿಂದ ಪ್ರತಿ ಬೇಸಿಗೆಯಲ್ಲಿ ದೊಡ್ಡಪ್ಪ, "ಈ ಸಲ ಎಲ್ಲಾರೂ ಮಧುರೆಗೆ! ಶನಿವಾರ ಹೋಗದು, ಭಾನುವಾರ ಬರದು!" ಎಂದು ಘೋಷಿಸುತ್ತಿದ್ದರು. ವ್ಯಾನು ಗೊತ್ತಾಗುತ್ತಿತ್ತು. ಪುಳಿಯೋಗರೆ ಗೊಜ್ಜು ಕುದಿಯುತ್ತಿತ್ತು. ಹಿಂದಿನ ದಿನ ಸಂಜೆ ದೊಡ್ಡಪ್ಪ ಒಮ್ಮೆ ದೊಡ್ಡಮ್ಮನ ಮುಖ ನೋಡುವರು, ಹುಳಿನ ಮನೆಗೆ ಹೋಗುವರು, ಹೊರಗೆ ಬಂದು ಕೂಗುವರು: "ಹುಳ ಹಣ್ಣಾಗ್ಬುಟ್ಟವೆ! ಪ್ರವಾಸ ಕ್ಯಾನ್ಸಲ್!" ಹಣ್ಣಾದ ಹುಳು ಎಂದರೆ ಮೇಯುವುದನ್ನು ನಿಲ್ಲಿಸಿ ಗೂಡು ಕಟ್ಟಲು ಸಿದ್ಧವಾದ ಹುಳು. ಅದನ್ನು ಆ ಗಳಿಗೆಯಲ್ಲಿಯೇ ಒಂದೊಂದಾಗಿ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡಮಾಡಿದರೆ ಬೆಳೆ ಹೋಯಿತು.

ನನ್ನ ತಂಗಿ ಸುಮಾ, ಬಾಯಿ ಸ್ವಲ್ಪ ಜೋರು, ಒಂದು ವರ್ಷ ಕೇಳಿಯೇ ಬಿಟ್ಟಳು: "ಅಲ್ಲ ದೊಡ್ಡಪ್ಪ, ಮೊನ್ನೆ ತಾನೆ ಮೂರನೇ ಜ್ವರಕ್ಕೆ ಕುಂತಿದ್ವು. ಅಷ್ಟು ಬೇಗ ಹೆಂಗ್ ಹಣ್ಣಾದ್ವು? ನಮ್ಮನೆ ಹುಳ ಏನು ಡ್ರೈವರ್ ಮೊಕ ನೋಡಿ ಹಣ್ಣಾಯ್ತವಾ?"

"ಬಿಸಿಲು ಜಾಸ್ತಿ ಕಣವ್ವ," ಎಂದರು ದೊಡ್ಡಪ್ಪ, ನಿಂಬೆಹಣ್ಣು ಮೂಸುತ್ತ.

ಇಲ್ಲಿ 'ಜ್ವರ' ಎಂಬ ಮಾತಿಗೆ ವಿವರಣೆ ಸಲ್ಲಿಸುವುದು ಅಗತ್ಯ. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಅಲುಗದೆ ಕುಳಿತು, ಹಳೆಯ ಚರ್ಮ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕುಳಿತ ಹುಳುವನ್ನು ಮುಟ್ಟಬಾರದು, ಅವಸರಿಸಬಾರದು. ಅದು ತಾನಾಗಿ ಏಳಬೇಕು. ಎದ್ದ ಮೇಲೆ ಮೊದಲಿಗಿಂತ ಹೆಚ್ಚು ಮೇಯುತ್ತದೆ. ನಮ್ಮ ದೊಡ್ಡಪ್ಪ ಪ್ರಪಂಚದ ಸಮಸ್ತ ವಿಷಯಗಳನ್ನೂ ಈ ನಾಲ್ಕು ಜ್ವರಗಳ ಮೂಲಕವೇ ಅರ್ಥ ಮಾಡಿಕೊಂಡವರು. ನಾನು ಪಿಯುಸಿಯಲ್ಲಿ ನಪಾಸಾದಾಗ ಎಲ್ಲರೂ ಬೈದರು. ದೊಡ್ಡಪ್ಪ ಮಾತ್ರ, "ಮುಟ್ಬ್ಯಾಡಿ, ಎರಡನೇ ಜ್ವರಕ್ಕೆ ಕುಂತೈತೆ ಮಗ" ಎಂದಿದ್ದರು. ಮರುವರ್ಷ ಎದ್ದೆ.

ಹೀಗಿರುವಾಗ ಈ ವರ್ಷ ಪಕ್ಕದ ಮನೆಯವರು ಮಧುರೆಗೆ ಹೋಗಿ ಬಂದರು. ಪ್ರಸಾದ ಕೊಡಲು ಬಂದ ಆಕೆಯನ್ನು ದೊಡ್ಡಮ್ಮ ಬಾಗಿಲಲ್ಲಿಯೇ ಹಿಡಿದುಕೊಂಡು, "ಮೇಲ್ಗಡೆ ಬೊಂಬೆಗೆ ಕಣ್ಣು ಐತಾ?" ಎಂದು ಕೇಳಿದರು.

"ಅಯ್ಯೋ, ಅದನ್ಯಾರು ನೋಡಿದ್ರು ಅಕ್ಕಾ! ನಿಂತ್ಕಂಡು ಫೋಟೋ ಹೊಡ್ಕಂಡ್ವಿ, ಬಂದ್ವಿ."

ದೊಡ್ಡಮ್ಮ ಪ್ರಸಾದದ ಪೊಟ್ಟಣವನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದರು. ಆಮೇಲೆ ದೊಡ್ಡಪ್ಪನ ಕಡೆ ತಿರುಗಿ, "ಇನ್ನೊಬ್ಬರನ್ನ ಕೇಳದು ಸಾಕು. ನಾನೇ ನೋಡ್ಬೇಕು" ಎಂದರು.

ಅಂದಿನಿಂದ ದೊಡ್ಡಪ್ಪನ ವರ್ತನೆಯಲ್ಲಿ ಕಂಡುಬಂದ ಬದಲಾವಣೆಗಳನ್ನು ನಾನು ಕುತೂಹಲದಿಂದ ಗಮನಿಸುತ್ತ ಬಂದೆ. ಮೊದಲ ಶನಿವಾರ ಮೊಪೆಡ್ಡನ್ನು ಮನೆಯಲ್ಲಿಯೇ ಬಿಟ್ಟು, ದೊಡ್ಡಮ್ಮನನ್ನು ಕರೆದುಕೊಂಡು, ಚನ್ನಪಟ್ಟಣದಿಂದ ಬಸ್ಸಿನಲ್ಲಿ ಕೆಂಗಲ್ಲಿಗೆ ಹೋದರು. ಆಂಜನೇಯನ ದರ್ಶನಕ್ಕೆ ಎಂದುಕೊಂಡೆವು. ಆದರೆ ಹಣೆಯಲ್ಲಿ ಕುಂಕುಮವಿಲ್ಲ, ಕೈಯಲ್ಲಿ ಪ್ರಸಾದವಿಲ್ಲ! ವಿಚಾರಿಸಲಾಗಿ, ದೇವಸ್ಥಾನದ ಕಡೆ ತಿರುಗಿಯೂ ನೋಡದೆ, ಕೆಂಗಲ್ಲಿನಲ್ಲಿ ಇಳಿದು, ಮರದ ನೆರಳಲ್ಲಿ ಸ್ವಲ್ಪ ಹೊತ್ತು ಕುಳಿತು, ಎದುರಿನಿಂದ ಬಂದ ಬಸ್ಸು ಹತ್ತಿ ವಾಪಸು ಬಂದಿರುವುದಾಗಿ ತಿಳಿದುಬಂತು.

"ಯಾಕೆ ದೊಡ್ಡಪ್ಪ?" ಎಂದೆ ನಾನು.

"ನನ್ ಹೊಟ್ಟೆಗೆ ಟ್ರೈನಿಂಗು. ಒಂದನೇ ಜ್ವರ ಕೆಂಗಲ್ಲು. ಆಮೇಲೆ ರಾಮನಗರ. ಮೂರನೇದು ಬಿಡದಿ ಮೇಲೆ ಹಾದು ಬೈರಮಂಗಲ. ನಾಕನೇದು ಕನಕಪುರ ದಾಟಿ ದೊಡ್ಡಆಲಹಳ್ಳಿ. ಅದಾದ್ರೆ ಹುಳ ರೆಡಿ. ಮಧುರೇಲಿ ಗೂಡು ಕಟ್ಟದೇ!"

"ನಿನ್ ಹೊಟ್ಟೆ ಟ್ರೈನಿಂಗಿಗೆ ದೊಡ್ಡಮ್ಮ ಯಾಕೆ?"

"ಬಿದ್ಗಿದ್ರೆ ಹಿಡ್ಕಳಕ್ಕೆ ಒಬ್ರು ಬ್ಯಾಡ್ವಾ?"

ಸರಿಯಾಗಿಯೇ ಇದೆಯಲ್ಲವೇ? ನಮಗೂ ಸರಿಯೆನಿಸಿತು. ಪ್ರತಿಯೊಂದು ಪ್ರಯಾಣದ ಮಾರನೆಯ ದಿನ ವಿಶ್ರಾಂತಿ. ಅಂದು ದೊಡ್ಡಪ್ಪ, "ಜ್ವರಕ್ಕೆ ಕುಂತಿವ್ನಿ, ಯಾರೂ ಮಾತಾಡಿಸ್ಬ್ಯಾಡಿ" ಎಂದು ಜಗುಲಿಯಲ್ಲಿ ಮಲಗಿಬಿಡುವರು. ಸಾಲದ್ದಕ್ಕೆ, "ನಿಮ್ ದೊಡ್ಡಮ್ಮನ್ನೂ ಮಾತಾಡಿಸ್ಬ್ಯಾಡಿ, ನನ್ನ ನೋಡ್ಕಂಡು ಸಾಕಾಗವ್ಳೆ" ಎಂದು ಆಕೆಗೂ ರಜೆ ಮಂಜೂರು ಮಾಡುವರು. ಅಡಿಗೆಯೆಲ್ಲ ನಮ್ಮ ಅಮ್ಮನ ಮೇಲೆ ಬೀಳುವುದು. ಅಮ್ಮ ಪಾತ್ರೆಗಳನ್ನು ಸ್ವಲ್ಪ ಗಟ್ಟಿಯಾಗಿ ಇಡುವರು.

ರಾಮನಗರದ ಪ್ರಯಾಣವೂ ಸುಸೂತ್ರವಾಗಿ ನೆರವೇರಿತು. ಬೈರಮಂಗಲದ ಹೊತ್ತಿಗೆ ಬಸ್ಸಿನವರಿಗೆಲ್ಲ ಇವರ ಪರಿಚಯವಾಗಿಬಿಟ್ಟಿತ್ತು. ಇಳಿದ ಕೂಡಲೇ ಅದೇ ಬಸ್ಸು ಹತ್ತಿ ವಾಪಸಾಗುವ ಗಂಡ ಹೆಂಡತಿಯನ್ನು ಕಂಡು ಕಂಡಕ್ಟರೊಬ್ಬರು ನನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಮೆಲ್ಲಗೆ ಕೇಳಿದರು: "ಮೇಡಂ, ನಿಮ್ ದೊಡ್ಡಪ್ಪಾರು ಚೆಕಿಂಗ್‌ನವ್ರಾ? ಮೊದ್ಲೇ ಹೇಳ್ಬುಡಿ, ನಾನು ಮಕ್ಕಳೊಂದಿಗ." ನಾನು ಹೊಟ್ಟೆಯ ತರಬೇತಿಯ ವಿಷಯ ವಿವರಿಸಿದೆ. ಅವರು ನಂಬಿದಂತೆ ಕಾಣಲಿಲ್ಲ. ಮುಂದಿನ ಸಲ ದೊಡ್ಡಪ್ಪನಿಗೆ ಮುಂದಿನ ಸೀಟು ಕಾದಿರಿಸಿ, ಚಿಲ್ಲರೆಯನ್ನು ಕೇಳದೆಯೇ ಕೊಟ್ಟರಂತೆ!

ಸುಮಾಳ ಅಭಿಪ್ರಾಯವೇ ಬೇರೆ. "ಹೊಟ್ಟೆನೂ ಇಲ್ಲ, ಟ್ರೈನಿಂಗೂ ಇಲ್ಲ. ಇದು ಹನಿಮೂನು ಕಣೇ! ನೋಡು, ದೊಡ್ಡಮ್ಮ ಬಸ್ಸಿಂದ ಇಳೀವಾಗ ಸೆರಗಲ್ಲಿ ಹೆಂಗ್ ಬಾಯಿ ಮುಚ್ಕಂಡು ನಾಚ್ಕತಾರೆ!" ನಾನೂ ನೋಡಿದೆ. ನಿಜ, ಸೆರಗು ಬಾಯಿಯ ಮೇಲೆಯೇ ಇತ್ತು. ದೊಡ್ಡಪ್ಪ ಆಕೆಯ ಮೊಣಕೈ ಹಿಡಿದು ಇಳಿಸಿ, ಹೆಜ್ಜೆ ಹೆಜ್ಜೆಗೂ ಮುಖ ನೋಡುತ್ತಿದ್ದರು. ಈ ವಯಸ್ಸಿನಲ್ಲಿ ಇಷ್ಟೊಂದೇ ಎಂದು ನಾವಿಬ್ಬರೂ ಮನಸಾರೆ ನಕ್ಕೆವು.

ಕನಕಪುರ ದಾಟಿ ದೊಡ್ಡಆಲಹಳ್ಳಿಗೆ ಹೋಗಿಬಂದ ದಿನ ದೊಡ್ಡಪ್ಪ ಓಣಿಯ ತುದಿಯಿಂದಲೇ ಕೈ ಎತ್ತಿಕೊಂಡು ಬಂದರು. "ನಾಕನೇ ಜ್ವರ ಎದ್ದಾಯ್ತು!" ಕೈಯಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಒಂದು ದುರ್ಬೀನು. ನಮ್ಮ ಅಪ್ಪ ಅದನ್ನು ತಿರುಗಿಸಿ ನೋಡಿ, "ಇದ್ಯಾಕಣ್ಣಾ? ವಾಂತಿ ಬರದು ದೂರದಿಂದ್ಲೇ ಕಾಣ್ಲಿ ಅಂತಾನಾ?" ಎಂದರು. ದೊಡ್ಡಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು.

ತದನಂತರ ಕುಟುಂಬದ ಪೂರ್ವಭಾವಿ ಸಭೆ ಜಗುಲಿಯಲ್ಲಿ ಜರುಗಿತು. ಗೂಡು ಮಾರಾಟವಾಗಿ, ಹುಳಿನ ಮನೆ ತೊಳೆದು, ಸುಣ್ಣ ಹೊಡೆದು ಖಾಲಿ ಬಿಟ್ಟಿದ್ದ ಸಮಯ. ಮುಂದಿನ ಬೆಳೆಗೆ ಇನ್ನೂ ಮರಿಹುಳು ತಂದಿರಲಿಲ್ಲ. ಅಂದರೆ ಈ ಸಲ ಹಣ್ಣಾಗಲು ಮನೆಯಲ್ಲಿ ಹುಳುವೇ ಇಲ್ಲ! ಸಭೆಯಲ್ಲಿ ದೊಡ್ಡಪ್ಪ ಹೊರಡಿಸಿದ ಆಜ್ಞೆಗಳನ್ನು ಕೇಳಿ ನಾವು ಬೆಚ್ಚಿಬಿದ್ದೆವು.

"ವ್ಯಾನಲ್ಲಿ ಯಾರೂ ಪೌಡರ್ ಹಾಕಂಗಿಲ್ಲ. ಸೆಂಟು ಹೊಡಿಯಂಗಿಲ್ಲ. ಮಲ್ಲಿಗೆ ಮುಡಿಯಂಗಿಲ್ಲ. ಡ್ರೈವರಣ್ಣ ದೇವ್ರ ಪಟಕ್ಕೆ ಊದುಬತ್ತಿ ಹಚ್ಚಂಗಿಲ್ಲ. ಎಸಿ ಬ್ಯಾಡ, ಕಿಟಕಿ ತೆಗೀಬೇಕು. ಒತ್ಕಂಡು ಕೂರ್ಬಾರ್ದು, ಗಾಳಿ ಆಡ್ಬೇಕು."

"ದೊಡ್ಡಪ್ಪೋ, ನಾವು ಮನುಷ್ಯರು! ನಿನ್ ತಟ್ಟೆ ಹುಳ ಅಲ್ಲ!" ಎಂದಳು ಸುಮಾ.

"ಹುಳಕ್ಕೆ ಒಳ್ಳೇದಾದ್ದು ಮನುಷ್ಯರಿಗೂ ಒಳ್ಳೇದು ಕಣವ್ವ. ಮನುಷ್ಯರಿಗೆ ಒಳ್ಳೇದಾದ್ದು ಹುಳಕ್ಕೆ ಒಳ್ಳೇದಲ್ಲ, ಅಷ್ಟೇಯ."

ಹುಳಿನ ಮನೆಯಲ್ಲಿ ಈ ನಿಯಮಗಳೆಲ್ಲ ಇರುವುದು ನಿಜ. ವಾಸನೆಯಾದರೆ ಹುಳುವಿಗೆ ಆಗುವುದಿಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳು ಪೌಡರು ಹಾಕಿಕೊಂಡು ಆ ಬಾಗಿಲು ದಾಟುವಂತಿಲ್ಲ. ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿತಾಟು ಇಳಿಬಿಡುವುದೂ ಉಂಟು. ಆದರೆ ವ್ಯಾನಿಗೂ ಒಂದು ಗೋಣಿತಾಟು ಬೇಕೆಂದು ದೊಡ್ಡಪ್ಪ ಹಟ ಹಿಡಿದಾಗ ನಮ್ಮ ಅಮ್ಮ ಹಣೆ ಚಚ್ಚಿಕೊಂಡರು. "ಬಾವ, ಮಧುರೆಗೆ ಯಾರಾದ್ರೂ ಗೋಣಿತಾಟು ತಗಂಡ್ ಹೋಯ್ತಾರಾ?" ಗೋಣಿತಾಟು ಬಂದೇ ಬಂತು.

ಕೊನೆಯ ಆಜ್ಞೆ ಎಲ್ಲಕ್ಕಿಂತ ವಿಚಿತ್ರ. ಮುಂದೆ ಡ್ರೈವರ್ ಪಕ್ಕದ ಸೀಟು ದೊಡ್ಡಮ್ಮನಿಗೆ. ಎಲ್ಲಕ್ಕಿಂತ ಹಿಂದಿನ, ಚಕ್ರದ ಮೇಲಿನ ಸೀಟು ದೊಡ್ಡಪ್ಪನಿಗೆ.

"ವಾಂತಿ ಬರೋನು ನೀನು! ಮುಂದೆ ಕೂರ್ಬೇಕಾದೋನು ನೀನು!" ಎಂದು ಎಲ್ಲರೂ ಒಟ್ಟಿಗೆ ಕೂಗಿದೆವು.

"ನಂದು ನಾಕೂ ಜ್ವರ ಮುಗಿದೈತೆ. ಅವ್ಳು ದಾರಿ ನೋಡ್ಕಂಡ್ ಬರ್ಲಿ ಪಾಪ, ಎಲ್ಲೂ ಹೋದೋಳಲ್ಲ."

ದೊಡ್ಡಮ್ಮ ಒಳಗಿನಿಂದ ಒಮ್ಮೆ ಇಣುಕಿ ನೋಡಿ ಹೋದರು. ಹೊರಡುವ ಮುಂಚಿನ ಸಂಜೆ ನಾವೆಲ್ಲ ದೊಡ್ಡಪ್ಪನ ಬಾಯಿಯನ್ನೇ ನೋಡುತ್ತಿದ್ದೆವು. ಈಗ ಕ್ಯಾನ್ಸಲ್ ಎನ್ನುತ್ತಾರೆ, ಈಗ ಎನ್ನುತ್ತಾರೆ. ಅವರು ದೊಡ್ಡಮ್ಮನ ಮುಖ ನೋಡಿದರು. ದೊಡ್ಡಮ್ಮ ಹೊರಡೋಣವೆಂಬಂತೆ ತಲೆ ಆಡಿಸಿದರು. ದೊಡ್ಡಪ್ಪ ಖಾಲಿ ಹುಳಿನ ಮನೆಗೆ ಹೋಗಿ, ಸುಮ್ಮನೆ ಒಂದು ಸುತ್ತು ಹಾಕಿ, ಚಿಲಕ ಹಾಕಿಕೊಂಡು ಬಂದರು.

ಶನಿವಾರ ಬೆಳಕು ಹರಿಯುವ ವೇಳೆಗೆ ವ್ಯಾನು ಹೊರಟಿತು. ಹೊಸೂರು ದಾಟಿತು, ಕೃಷ್ಣಗಿರಿ ದಾಟಿತು. ಹಿಂದಿನ ಸೀಟಿನಲ್ಲಿ ದೊಡ್ಡಪ್ಪ ಚಕ್ರದ ಜೊತೆಗೆ ತಾವೂ ಹಾರಿ ಹಾರಿ ಬೀಳುತ್ತಿದ್ದರು. ನಾನು ತಿರುಗಿ ತಿರುಗಿ ನೋಡುತ್ತಿದ್ದೆ. ಒಂದಾದರೂ ತೇಗು ಬೇಡವೇ! ತಿಂಡಿಗೆ ನಿಲ್ಲಿಸಿದಲ್ಲಿ ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದು, ಓಡುವ ವ್ಯಾನಿನಲ್ಲಿ ಒಂದೊಂದಾಗಿ ತಿನ್ನುತ್ತಿದ್ದರು. ನಾಲ್ಕು ಜ್ವರಗಳ ಪದ್ಧತಿ ಇಷ್ಟು ಪರಿಣಾಮಕಾರಿಯೇ ಎಂದು ನಾನು ಬೆರಗಾದೆ. ಇನ್ನೊಂದು ವಿಷಯ ಆಗ ನನ್ನ ಗಮನಕ್ಕೆ ಬಂತು. ನಿಂಬೆಹಣ್ಣು ದೊಡ್ಡಪ್ಪನ ಜೇಬಿನಲ್ಲಿರಲಿಲ್ಲ.

ಧರ್ಮಪುರಿ ದಾಟಿ ಸೇಲಂ ಕಡೆಗೆ ರಸ್ತೆ ಬೆಟ್ಟ ಇಳಿಯುವಲ್ಲಿ ಲಾರಿಗಳ ಸಾಲು. ಹೊಗೆ, ಬ್ರೇಕು, ತಿರುವು. ದೊಡ್ಡಮ್ಮ ಡ್ರೈವರಿನ ತೋಳು ತಟ್ಟಿದರು. ವ್ಯಾನು ಅಂಚಿಗೆ ಸರಿದು ನಿಲ್ಲುವಷ್ಟರಲ್ಲಿ ಆಗಬಾರದ್ದು ಮುಂದಿನ ಸೀಟಿನಲ್ಲಿ ಆಗಿಹೋಗಿತ್ತು.

ಕೂಡಲೇ ಹಿಂದಿನಿಂದ ಗರ್ಜನೆ ಕೇಳಿಸಿತು: "ನಾನು! ನಾನು ಕಣ್ರಪ್ಪಾ! ತಡ್ಕಳಕ್ಕಾಗ್ನಿಲ್ಲ, ವಾಂತಿ ಮಾಡ್ಕಂಬುಟ್ಟೆ!"

ಎಲ್ಲರೂ ತಿರುಗಿದೆವು. ದೊಡ್ಡಪ್ಪ ಎದ್ದು ನಿಂತಿದ್ದರು. ಒಂದು ಕೈ ಎತ್ತಿದ್ದರು, ಇನ್ನೊಂದು ಕೈಯಲ್ಲಿ ಅರ್ಧ ತಿಂದ ಬಜ್ಜಿ.

ಸುಮಾಳೇ ಮೊದಲು ಬಾಯಿ ಬಿಟ್ಟಳು. "ದೊಡ್ಡಪ್ಪ... ನೀನು ಹಿಂದ್ಗಡೆ ಇದ್ದೀಯ. ಆಗಿರೋದು ಮುಂದ್ಗಡೆ."

ದೊಡ್ಡಪ್ಪ ಮುಂದಕ್ಕೂ ನೋಡಿದರು, ತಮ್ಮ ಕೈಯಲ್ಲಿದ್ದ ಬಜ್ಜಿಯನ್ನೂ ನೋಡಿದರು. ಬಜ್ಜಿಯನ್ನು ಬಾಯಿಗೆ ಹಾಕಿಕೊಂಡರು.

ದೊಡ್ಡಮ್ಮ ಕೆಳಗಿಳಿದು, ಬಾಟಲಿ ನೀರಿನಲ್ಲಿ ಮುಖ ತೊಳೆದು, ಹುಣಿಸೆ ಮರದ ಬುಡದಲ್ಲಿ ಕುಳಿತರು. ಸೆರಗು ಬಾಯಿಯ ಮೇಲಿರಲಿಲ್ಲ. ಕೈಯಲ್ಲಿ ನಿಂಬೆಹಣ್ಣು ಇತ್ತು.

"ಸಾಕು ಸುಮ್ಕಿರಿ," ಎಂದರು ದೊಡ್ಡಪ್ಪನಿಗೆ. ಆಮೇಲೆ ನಮಗೆ: "ಇವ್ರಲ್ಲ. ನಾನು. ಅವತ್ತೂ ನಾನೇ."

ಯಾವತ್ತು ಎಂದು ಯಾರೂ ಕೇಳಲಿಲ್ಲ. ನಮ್ಮ ವಂಶ ಅಷ್ಟು ವರ್ಷಗಳಿಂದ ನಕ್ಕುಕೊಂಡು ಬಂದದ್ದು ಒಂದೇ ಬಸ್ಸಿನ ಕಥೆ.

"ಬಸ್ಸು ನಂಗೆ ಅಭ್ಯಾಸಿರ್ಲಿಲ್ಲ. ಇವ್ರ ತೊಡೆ ಮ್ಯಾಲೇ ಆಗೋಯ್ತು. ಮದ್ವೆ ಆದ ಮಾರ್ನೆ ದಿನ ಹೊಸ ಹೆಣ್ಣು ವಾಂತಿ ಮಾಡ್ಕಂಡ್ರೆ ಜನ ಏನಂತಿದ್ರು, ನೀವೇ ಹೇಳಿ. ನಮ್ಮತ್ತೆ ಏನಂತಿದ್ರು? ನಂಗೆ ಕಣ್ಣು ಕತ್ಲೆ ಬಂದ್ಬುಡ್ತು. ಅಷ್ಟ್ರಲ್ಲಿ ಇವ್ರು ಎದ್ದು ನಿಂತ್ಕಂಡು ಕೂಗ್ಬುಟ್ರು. ನಾನಿನ್ನೂ ಇವ್ರ ಮೊಕ ಸರ್ಯಾಗಿ ನೋಡಿರ್ಲಿಲ್ಲ."

ಲಾರಿಗಳು ಹಾದುಹೋಗುತ್ತಿದ್ದವು. ನಮ್ಮ ಅಪ್ಪ ರಸ್ತೆಯ ಕಲ್ಲೊಂದನ್ನು ಕಾಲಿನಿಂದ ಉರುಳಿಸುತ್ತಿದ್ದರು. "ಅಣ್ಣಾ... ಎಷ್ಟು ಮದ್ವೆಲಿ ಹೇಳಿವ್ನಿ ಕಣಣ್ಣಾ ಆ ಕಥೆಯ. ಒಂದ್ಸಲನಾದ್ರೂ ಹೇಳ್ಬಾರ್ದಿತ್ತಾ?"

"ನೀನು ಚೆನ್ನಾಗಿ ಹೇಳ್ತಿದ್ದೆ ಕಣ್ಲಾ," ಎಂದರು ದೊಡ್ಡಪ್ಪ. "ಪಂಚೆ ಹಿಡ್ಕಳದಂತೂ ನನ್ ಥರಾನೇ!"

ಪೌಡರು, ಮಲ್ಲಿಗೆ, ಊದುಬತ್ತಿ, ಕಿಟಕಿ. ವರ್ಷ ವರ್ಷವೂ ಹೊರಡುವ ಸಂಜೆ ಸರಿಯಾಗಿ ಹಣ್ಣಾಗುತ್ತಿದ್ದ ಹುಳುಗಳು. ಮೊಪೆಡ್ಡಿನಲ್ಲಿಯೂ ಬಿಡದ ನಿಂಬೆಹಣ್ಣು. ಆ ಮರದ ಕೆಳಗೆ ನಿಂತು ನಾನು ಒಂದೊಂದಾಗಿ ನೆನೆಯುತ್ತಿದ್ದೆ. ಸುಮಾ ದೊಡ್ಡಮ್ಮನ ಕಾಲ ಬಳಿ ಕುಳಿತು ಸೀರೆಯ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು.

ದೊಡ್ಡಪ್ಪ ಹೆಂಡತಿಯ ಮುಖ ನೋಡಿದರು. ಬಾಡಿತ್ತು. ಮಧುರೆ ಇನ್ನೂ ಬಹಳ ದೂರವಿತ್ತು. ಅವರು ಮೊಬೈಲು ತೆಗೆದು ಕಿವಿಗಿಟ್ಟು, ತೆಗೆದು, ನಮ್ಮ ಕಡೆ ತಿರುಗಿದರು. "ಊರಿಂದ ಫೋನ್ ಬಂದಿತ್ತು. ಹುಳ ಹಣ್ಣಾಗ್ಬುಟ್ಟವಂತೆ. ವಾಪಸ್ ಹೋಗ್ಬೇಕು."

"ಮನೇಲಿ ಹುಳಾನೇ ಇಲ್ವಲ್ರೀ!" ಎಂದರು ದೊಡ್ಡಮ್ಮ. ಎಂದವರೇ ನಗಲು ಶುರುಮಾಡಿದರು. ನಕ್ಕು ನಕ್ಕು ಮರ ಹಿಡಿದುಕೊಂಡು ಎದ್ದು ನಿಂತರು. "ಜ್ವರದಿಂದ ಎದ್ದಿವ್ನಿ. ನಡೀರಿ ಮಧುರೆಗೆ."

ಉಳಿದ ದಾರಿಯಲ್ಲಿ ಮುಂದಿನ ಸೀಟಿನಲ್ಲಿ ಇಬ್ಬರೂ ಒತ್ತಿಕೊಂಡು ಕುಳಿತರು. ಒತ್ತಿಕೊಂಡು ಕೂರಬಾರದೆಂಬ ಆಜ್ಞೆಯನ್ನು ಯಾರೂ ನೆನಪಿಸಲಿಲ್ಲ. ಮತ್ತೊಮ್ಮೆ ನಿಲ್ಲಿಸಬೇಕಾಯಿತು. ಆಗ ಯಾರೂ ಏನೂ ಸಾರಲಿಲ್ಲ.

ಮಧುರೆ ತಲುಪಿದಾಗ ಇಳಿಮಧ್ಯಾಹ್ನವಾಗಿದ್ದರೂ ಬಿಸಿಲು ಉರಿಯುತ್ತಿತ್ತು. ಚಪ್ಪಲಿ ಬಿಟ್ಟು ಗೋಪುರದ ಮುಂದಿನ ಬೀದಿಗೆ ಬಂದರೆ ಕಾಲಿಡುವಂತಿರಲಿಲ್ಲ. ದೊಡ್ಡಪ್ಪ ಓಡಿಹೋಗಿ ನಲ್ಲಿಯಲ್ಲಿ ಗೋಣಿತಾಟು ನೆನೆಸಿಕೊಂಡು ಬಂದು ಹಾಸಿದರು. ನಮ್ಮ ಅಮ್ಮ ನನ್ನ ಮುಖ ನೋಡಿದರು. ದೊಡ್ಡಮ್ಮ ಅದರ ಮೇಲೆ ನಿಂತು, ದುರ್ಬೀನು ಹಿಡಿದು, ತಲೆ ಎತ್ತಿದರು. ದೊಡ್ಡಪ್ಪ ಆಕೆಯ ಬೆನ್ನಿಗೆ ಕೈ ಆನಿಸಿ ನಿಂತರು. ದುರ್ಬೀನು ಒಂದೊಂದೇ ಅಂತಸ್ತು ಮೇಲೇರಿತು. ಪರೀಕ್ಷೆಯ ಫಲಿತಾಂಶಕ್ಕೂ ನಾನು ಹಾಗೆ ಕಾದಿಲ್ಲ.

"ಐತಾ?" ಎಂದರು ದೊಡ್ಡಪ್ಪ.

"ಐತೆ."

"ತುದೀದಕ್ಕೂ?"

"ತುದೀದಕ್ಕೂ ಐತೆ. ರೆಪ್ಪೆನೂ ಬರೆದವ್ನೆ, ಪುಣ್ಯಾತ್ಮ. ಯಾರೂ ನೋಡಕ್ಕಿಲ್ಲ ಅಂತ ಗೊತ್ತಿದ್ರೂ ಬರೆದವ್ನೆ." ದುರ್ಬೀನನ್ನು ಇಳಿಸಿ, ಪಕ್ಕದಲ್ಲಿ ಬೆವರುತ್ತ ನಿಂತಿದ್ದ ದೊಡ್ಡಪ್ಪನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಆಫೀಸ್ನಲ್ಲಿ ಬರೀತೀಯಲ್ಲವ್ವ, ಇದನ್ನ ಬರಿ. ಬಸ್ಸಿಂದೂ ಸೇರ್ಸಿ ಬರಿ. ನಾಕು ಜನ ಓದ್ಲಿ" ಎಂದು ಆದೇಶಿಸಿದರು. ಮೇಲೆ ತಿಳಿಸಿದ ಮೌಖಿಕ ಆದೇಶ ಇದೇ ಆಗಿರುತ್ತದೆ.

ದೊಡ್ಡಪ್ಪನವರ ಆಕ್ಷೇಪಣೆಯನ್ನೂ ದಾಖಲಿಸುವುದು ನ್ಯಾಯ. "ಬ್ಯಾಡ ಕಣವ್ವ, ಇಷ್ಟು ವರ್ಸ ನಡೆದೈತೆ, ಹಂಗೇ ಇರ್ಲಿ" ಎಂದು ಅವರು ದಾರಿಯುದ್ದಕ್ಕೂ ಹೇಳುತ್ತ ಬಂದರು. ಅವರ ಮಾತಿಗೂ ಬೆಲೆ ಕೊಟ್ಟು ಅವರ ಹೆಸರನ್ನು ಇಲ್ಲಿ ನಮೂದಿಸಿಲ್ಲ.

ಕಳೆದ ವಾರ ಮಾಗಡಿಯಲ್ಲಿ ನೆಂಟರ ಮದುವೆ. ದೊಡ್ಡಮ್ಮ ನಮ್ಮೊಡನೆ ಬಸ್ಸಿನಲ್ಲಿಯೇ ಬಂದರು. ಊಟದ ಪಂಕ್ತಿಯಲ್ಲಿ ಯಾರೋ ಹಳೆಯ ಕಥೆ ಹೇಳೆಂದು ನಮ್ಮ ಅಪ್ಪನನ್ನು ಎಬ್ಬಿಸಿದರು. ಅಪ್ಪ ಎದ್ದು ನಿಂತು, ಪಂಚೆ ಹಿಡಿದು, ಹಾಗೆಯೇ ಕುಳಿತುಬಿಟ್ಟರು. ಸಭೆ ಸಪ್ಪಗಾದದ್ದನ್ನು ಕಂಡು ದೊಡ್ಡಪ್ಪ ತಾವೇ ಜೇಬಿಗೆ ಕೈ ಹಾಕಿ ನಿಂಬೆಹಣ್ಣು ತೆಗೆದು ಮೂಗಿನ ಹತ್ತಿರ ಒಯ್ದರು. ಪಕ್ಕದಲ್ಲಿದ್ದ ದೊಡ್ಡಮ್ಮ ಕೈ ಚಾಚಿ ಅದನ್ನು ತೆಗೆದುಕೊಂಡು, ಎಲ್ಲರೆದುರಿಗೆ, ನಿಧಾನವಾಗಿ ಮೂಸಿದರು.

ಈ ಬರಹದಲ್ಲಿ ಕಾಗುಣಿತದ ಲೋಪಗಳು, ತಪ್ಪಿಹೋದ ಒತ್ತುಗಳು, ಬೇಡದ ಕಡೆ ಹಾಕಿದ ಆಶ್ಚರ್ಯಸೂಚಕ ಚಿಹ್ನೆಗಳು ಖಂಡಿತ ಇರುತ್ತವೆ. ಕಂಡುಬಂದವನ್ನು ದಯಮಾಡಿ ತಿದ್ದಿಕೊಂಡು ಓದಬೇಕಾಗಿ ತಮ್ಮಲ್ಲಿ ವಿನಂತಿ. ಬಸ್ಸಿನಲ್ಲಿ ವಾಂತಿ ಮಾಡಿಕೊಂಡವರು ಯಾರೆಂಬ ತಪ್ಪೊಂದನ್ನು ಮಾತ್ರ ನಮ್ಮ ದೊಡ್ಡಮ್ಮನವರೇ ಈಗಾಗಲೇ ತಿದ್ದಿರುತ್ತಾರೆ.